ಹಿಂದೆ ನಿಂತು ದಾರಿ ತೋರಿಸಿದವರು

ತಪ್ಪು ಮಾಡಿದವರು ಮಠದ ಪಂಚ ಕಮಿಟಿಯವರು. ದಂಡ ತೆತ್ತವರು ಅಮ್ಮಾರು.

ಊರಿನ ಹೆಂಗಸರು, ಗಂಡಸರು, ಕೊನೆಗೆ ಅವರನ್ನು ಹೊರಗೆ ಹಾಕಿದವರು ಕೂಡ ಅವರನ್ನು ಅಮ್ಮಾರು ಎಂದೇ ಕರೆಯುತ್ತಿದ್ದರು. ಅವರ ಹೆಸರನ್ನು ನಾನು ಇಲ್ಲಿ ಬರೆಯುವುದಿಲ್ಲ. ಆ ಹೆಸರು ಇರಬೇಕಾದ ಜಾಗ ಮಠದ ಪಡಸಾಲೆಯ ಗೋಡೆಯಲ್ಲಿರುವ ಗುರುಪರಂಪರೆಯ ಕಲ್ಲು. ಅಲ್ಲಿ ಇಲ್ಲದ ಹೆಸರನ್ನು ಇಲ್ಲಿ ಬರೆದು ಸಮಾಧಾನ ಪಟ್ಟುಕೊಳ್ಳಲು ನನಗೆ ಮನಸ್ಸಿಲ್ಲ. ಈ ಮಾಘದಲ್ಲಿ, ಸೊಲ್ಲಾಪುರದ ಅಕ್ಕಲಕೋಟ ರಸ್ತೆ ಎಂಐಡಿಸಿ ಕೈಗಾರಿಕಾ ಪ್ರದೇಶದ ಹಿಂಬದಿಯ ಬಾಡಿಗೆ ಖೋಲಿಯೊಂದರಲ್ಲಿ, ಪವರ್‌ಲೂಮಿನ ಸದ್ದು ನಿಲ್ಲದ ಓಣಿಯಲ್ಲಿ ಅವರು ತೀರಿಕೊಂಡರು. ಕಮಿಟಿಯವರಿಂದ ಒಂದು ಹೂವಿನ ಹಾರವೂ ಬರಲಿಲ್ಲ.

ಅಕ್ಕಲಕೋಟ ತಾಲೂಕಿನ ಆ ಊರು ನನ್ನ ತವರು. ಕನ್ನಡದಲ್ಲಿ ಜಗಳ ಶುರುಮಾಡಿ ಮರಾಠಿಯಲ್ಲಿ ಮುಗಿಸುವ ಊರು ಅದು. ನಾನು ಸೊಲ್ಲಾಪುರದಲ್ಲಿ ಹೆಂಗಸರ ಸಂಘಟನೆಯೊಂದರಲ್ಲಿ ಕೆಲಸ ಮಾಡುತ್ತೇನೆ. ಮಠಗಳ ಬಗ್ಗೆ ನನಗೆ ಭಕ್ತಿಯಿಲ್ಲ. ಹುಟ್ಟಿನಿಂದಲೇ ಗುರುತನ ಸಿಗುವ ಏರ್ಪಾಡನ್ನು ನಾನು ಒಪ್ಪುವುದಿಲ್ಲ. ಅಮ್ಮಾರಿಗೆ ಇದು ಗೊತ್ತಿತ್ತು. ನಾನು ಬಂದಾಗಲೆಲ್ಲ ಅವರು ಪಕ್ಕದಲ್ಲಿದ್ದವರಿಗೆ, 'ಈಕಿಗಿ ದೇವ್ರ ಮ್ಯಾಲ ಸಿಟ್ಟಿಲ್ಲ, ದೇವ್ರ ಕಮಿಟಿ ಮ್ಯಾಲ ಸಿಟ್ಟದ,' ಎಂದು ನನ್ನ ಪರಿಚಯ ಹೇಳುತ್ತಿದ್ದರು.

ಕುಳ್ಳಗಿನ ಹೆಂಗಸು. ಹಣೆಯ ಮೇಲೆ ವಿಭೂತಿ ಎಂದೂ ನೇರವಾಗಿ ಬೀಳುತ್ತಿರಲಿಲ್ಲ, ಒಂದು ಬದಿ ಇಳಿದಿರುತ್ತಿತ್ತು. ದನಿಯ ಬಗ್ಗೆ ಅವರಿಗೆ ಜಂಬವಿತ್ತು. ಮೈಕು ಕೆಟ್ಟ ದಿನ ಅವರ ಮುಖದಲ್ಲಿ ಗುಟ್ಟಾದ ಸಂತೋಷ ಕಾಣುತ್ತಿತ್ತು, ಏಕೆಂದರೆ ಅಂದು ಹಿಂದಿನ ಸಾಲಿನವರೆಗೂ ತಮ್ಮ ದನಿಯೇ ಮುಟ್ಟಬೇಕು. ಶೇಂಗಾ ಹಿಂಡಿಯಿಲ್ಲದೆ, ನಮ್ಮ ಕಡೆಯ ಆ ಚಟ್ನಿಪುಡಿಯಿಲ್ಲದೆ, ಊಟಕ್ಕೆ ಕೂರುತ್ತಿರಲಿಲ್ಲ. ಸುಮ್ಮನೆ ಅಳುವವರನ್ನು ಕಂಡರೆ ರೇಗುತ್ತಿದ್ದರು. ಅವರ ಕಾಲುಗಳನ್ನು ನಾನು ಮರೆಯಲಾರೆ. ಚಪ್ಪಲಿ ಹಾಕದೆ ಕರಿನೆಲದಲ್ಲಿ ನಡೆದು ಹಿಮ್ಮಡಿಗಳು ಆಳವಾಗಿ ಬಿರಿದಿದ್ದವು. ಒಮ್ಮೆ ಅವನ್ನೇ ಮುಂದೆ ಚಾಚಿ, 'ನೋಡ್ರಿ, ಬ್ಯಾಸಗಿ ಹೊಲ ಇದ್ದಂಗ ಅದಾವ. ಇಷ್ಟು ದೊಡ್ಡ ದೊಡ್ಡ ಗೌಡ್ರು ಇವಕ್ಕ ಅಂಜತಾರ,' ಎಂದು ನಕ್ಕಿದ್ದರು.

ಗೌಡರು ಆ ಕಾಲಿಗೆ ಏಕೆ ಅಂಜುತ್ತಿದ್ದರು ಎಂಬುದನ್ನು ಹೇಳಲು ನಮ್ಮ ಕಡೆಯ ಒಂದು ಪದ್ಧತಿಯನ್ನು ಹೇಳಬೇಕು. ನಮ್ಮಲ್ಲಿ ಸತ್ತವರನ್ನು ಕುಣಿಯಲ್ಲಿ ಕೂತ ಭಂಗಿಯಲ್ಲಿ ಕೂಡಿಸಿ ಹೂಳುತ್ತಾರೆ. ಮಣ್ಣು ಹಾಕುವ ಮೊದಲು ಮಠದ ಅಯ್ಯನವರು, ಅಂದರೆ ಹುಟ್ಟಿನಿಂದ ಗುರುಗಳಾದ ಜಂಗಮರು, ತಮ್ಮ ಪಾದವನ್ನು ಸತ್ತವರ ತಲೆಯ ಮೇಲೆ ಇಡುತ್ತಾರೆ. ಗುರುವಿನ ಪಾದ ತಲೆಗೆ ಮುಟ್ಟಿದರೆ ಜೀವ ಶಿವನನ್ನು ಕೂಡುತ್ತದೆ ಎಂದು ನಂಬಿಕೆ. ಬದುಕಿದ್ದಾಗ ಯಾರಿಗೂ ತಲೆ ಬಾಗದ ಜಮೀನುದಾರನ ತಲೆಯೂ ಆ ಗಳಿಗೆಯಲ್ಲಿ ಪಾದದ ಕೆಳಗೆ ಬರುತ್ತದೆ. ಈ ಪದ್ಧತಿಯಲ್ಲಿ ಸಮಾನತೆಯ ಒಂದು ಎಳೆ ಇದೆ ಎಂದು ಅಮ್ಮಾರು ನನ್ನೊಡನೆ ವಾದಿಸುತ್ತಿದ್ದರು. ಆ ಪಾದ ಎಂದಾದರೂ ಹೆಣ್ಣಿನದ್ದಾಗಿತ್ತೇ ಎಂದು ನಾನು ಕೇಳಿದಾಗ ಅವರು ಹಿಂಡಿಯ ಡಬ್ಬಿಯನ್ನು ನನ್ನ ಕಡೆ ಸರಿಸಿದರು.

ಅವರ ತಂದೆ ಮಠದ ಪೂಜೆಯ ಅಯ್ಯನವರು. ತಾಯಿ ಬೇಗ ತೀರಿಹೋದದ್ದರಿಂದ ಹುಡುಗಿ ಮಠದಲ್ಲಿಯೇ ಬೆಳೆದಳು. ಹಳೆಯ ಗುರುಗಳು ಗಂಡುಮಕ್ಕಳಿಗೆ ಪಾಠ ಹೇಳುವ ಹೊತ್ತಿಗೆ ಅವಳು ನೆಲ ಸಾರಿಸುತ್ತಿದ್ದಳು. ಹುಡುಗರು ತಪ್ಪಿದ ಕಡೆ ಸಾರಿಸುವ ಕೈ ನಿಲ್ಲುತ್ತಿತ್ತಂತೆ. ಗುರುಗಳು ಅದನ್ನು ಗಮನಿಸಿ ಅವಳನ್ನೂ ಕೂರಿಸಿದರು. ಮುಂದೆ ಅವಳಿಗೆ ದೀಕ್ಷೆ ಕೊಟ್ಟು, ಇತರರಿಗೆ ದೀಕ್ಷೆ ಕೊಡುವ ಅಧಿಕಾರವನ್ನೂ ಕೊಟ್ಟರು. ಅದನ್ನು ಭಕ್ತರ ಎದುರಿಗೇ ಕೊಟ್ಟರು. ಇದನ್ನು ಇಂದು ಯಾರೂ ಅಲ್ಲಗಳೆಯುತ್ತಿಲ್ಲ. ನೆನಪಿಲ್ಲ ಎನ್ನುತ್ತಾರೆ, ಅಷ್ಟೆ.

ಸಕ್ಕರೆ ಕಾಯಿಲೆಯಿಂದ ಗುರುಗಳ ಕಣ್ಣು ಹೋದ ಮೇಲೆ ಮಠ ನಡೆದದ್ದು ಅಮ್ಮಾರ ಮೇಲೆ. ಮನೆಮನೆಗೆ ಪಾದಪೂಜೆಗೆ ಹೋಗುವಾಗ ಒಂದು ಬೆತ್ತದ ಹಿಂದಿನ ತುದಿ ಗುರುಗಳ ಕೈಯಲ್ಲಿ, ಮುಂದಿನ ತುದಿ ಅಮ್ಮಾರ ಕೈಯಲ್ಲಿ. ಅಮ್ಮಾರು ಮುಂದೆ, ಗುರುಗಳು ಹಿಂದೆ. ಕಲ್ಲು ಬಂದರೆ ಬೆತ್ತವನ್ನು ಸ್ವಲ್ಪ ಎತ್ತುವರು, ನೀರು ಬಂದರೆ ಎಡಕ್ಕೆ ತಿರುಗಿಸುವರು. ಇಬ್ಬರೂ ಮಾತಾಡದೆಯೇ ಊರು ದಾಟುತ್ತಿದ್ದರು. ಆ ಕಾಲದಲ್ಲಿ ಹೆಣ್ಣುಮಗಳು ಗುರುವಿನ ಮುಂದೆ ನಡೆಯಬಾರದು ಎಂದು ಯಾರೂ ಹೇಳಲಿಲ್ಲ. ಮನೆಯಲ್ಲಿ ಗುರುಗಳ ಪಾದ ತೊಳೆಯುತ್ತಿದ್ದರು. ಮಂತ್ರ ಹೇಳುವುದು, ಕೂಸಿಗೆ ಲಿಂಗ ಕಟ್ಟುವುದು, ಜಗಳವಾಡಿದ ಅಣ್ಣತಮ್ಮಂದಿರನ್ನು ಒಂದೇ ಎಲೆಯ ಮುಂದೆ ಕೂರಿಸುವುದು, ಶ್ರಾವಣದಲ್ಲಿ ತಿಂಗಳಿಡೀ ಪ್ರವಚನ ಹೇಳುವುದು ಇವೆಲ್ಲ ಅಮ್ಮಾರ ಪಾಲು. ಪ್ರವಚನವನ್ನು ಅವರು ಗದ್ದುಗೆಯ ಕೆಳಗೆ, ಬರಿ ಚಾಪೆಯ ಮೇಲೆ ಕೂತು ಹೇಳುತ್ತಿದ್ದರು; ಗದ್ದುಗೆಯ ಮೇಲೆ ಗುರುಗಳು ತೂಕಡಿಸುತ್ತಿದ್ದರು. ಇದನ್ನು ಊರು ಸೇವೆ ಎಂದು ಕರೆಯಿತು. ನಾನು ಇದನ್ನು ದುಡಿಮೆಯ ಕಳವು ಎಂದು ಕರೆಯುತ್ತೇನೆ. ಪದವಿ ಒಬ್ಬರದು, ದುಡಿಮೆ ಇನ್ನೊಬ್ಬರದು ಎಂಬ ವ್ಯವಸ್ಥೆಗೆ ಭಕ್ತಿಯ ಬಟ್ಟೆ ಹೊದಿಸಿದರೆ ಅದು ಬೇರೆಯೇನೂ ಆಗುವುದಿಲ್ಲ.

ಮಧ್ಯಾಹ್ನ, ಗಂಡಸರು ಹೊಲಕ್ಕೆ ಹೋದ ಮೇಲೆ, ಮಠದ ಹಿಂಬಾಗಿಲಿನ ಕಟ್ಟೆಗೆ ಹೆಂಗಸರು ಬರುತ್ತಿದ್ದರು. ಮುಂಬಾಗಿಲಿನಲ್ಲಿ ಅವರು ಕೇಳುತ್ತಿದ್ದದ್ದು ಪುಣ್ಯ. ಹಿಂಬಾಗಿಲಿನಲ್ಲಿ ಕೇಳುತ್ತಿದ್ದದ್ದು ಉಪಾಯ. ಅಲ್ಲಿ ಅಮ್ಮಾರ ಪದ್ಧತಿ ಒಂದೇ ಇತ್ತು. ಅಂಜಿಕೆಯನ್ನು ಹೇಳಿಸುವರು, ಅದು ನಡೆದೇ ಹೋಯಿತು ಎಂದು ತಿಳಿಯಲು ಹೇಳುವರು, ಆಮೇಲೆ ಮರುದಿನ ಬೆಳಗ್ಗೆ ಏನು ಮಾಡುತ್ತೀ ಎಂದು ಕೇಳುವರು. ಗಂಡ ಮನೆಯಿಂದ ಹೊರಗೆ ಹಾಕುತ್ತೇನೆ ಎಂದು ಹೆದರಿಸುತ್ತಾನೆಂದು ಒಬ್ಬ ಹೆಂಗಸು ಬಂದಿದ್ದಳು. ನಾನು ಅವಳಿಗೆ ಕಾಯ್ದೆ ಹೇಳಲು ಹೊರಟಿದ್ದೆ. ಅಮ್ಮಾರು ಕೈಯೆತ್ತಿ ನನ್ನನ್ನು ತಡೆದರು.

'ಹಾಕಿದಾ ಅಂತ ತಿಳಕೊ. ಮರುದಿನ ಮುಂಜಾನಿ ಏನ ಮಾಡ್ತಿ?'

'ಸಾಯ್ತೀನ್ರಿ ಅಮ್ಮಾರ.'

'ಅದು ಇವತ್ತಿಂದಾತು. ನಾ ಮರುದಿನದ್ದು ಕೇಳಾಕತ್ತೀನಿ. ಎದ್ದಿ, ಮಾರಿ ತೊಳಕೊಂಡಿ. ಚಹಾ ಎಲ್ಲಿ ಕುಡೀತಿ?'

'ನನ್ನ ತಂಗಿ ಮನ್ಯಾಗ.'

'ಆಕಿ ಸಕ್ರಿ ಭಾಳ ಹಾಕ್ತಾಳೇನ?'

'ಎಲ್ಲೀದ್ರಿ, ಭಾಳ ಜುಗ್ಗಿ ಅದಾಳ.'

ಅಳುತ್ತಿದ್ದವಳು ನಕ್ಕಳು. ಆಮೇಲೆ ತಂಗಿಯ ಓಣಿ ಯಾವುದು, ಅಲ್ಲಿಂದ ಮಕ್ಕಳ ಶಾಲೆ ಎಷ್ಟು ದೂರ, ಚಾದರ ಕಾರ್ಖಾನೆಯಲ್ಲಿ ಯಾರ ಗುರುತಿದೆ ಎಂದು ಅಮ್ಮಾರು ಒಂದೊಂದಾಗಿ ಕೇಳಿದರು. ಅರ್ಧ ಗಂಟೆಯಲ್ಲಿ ಆ ಹೆಂಗಸು, ಇನ್ನೂ ನಡೆಯದ ಒಂದು ಬೆಳಗನ್ನು ತನ್ನ ಕಣ್ಣಿಂದ ನೋಡಿದ್ದಳು. ಕಾಯ್ದೆಯ ಮಾತು ಅವಳಿಗೆ ಕೇಳಿಸಿದ್ದು ಅದಾದ ನಂತರವೇ. ಅವಳು ಗಂಡನನ್ನು ಬಿಡಲಿಲ್ಲ. ಆದರೆ ಅವನಿಗೆ ಅಂಜುವುದನ್ನು ಬಿಟ್ಟಳು.

ಇತರರ ಅಂಜಿಕೆಗೆ ಹೀಗೆ ಚಹಾ ಕುಡಿಸಿ ಕಳಿಸುತ್ತಿದ್ದ ಅಮ್ಮಾರಿಗೆ ತಮ್ಮದೇ ಒಂದು ಅಂಜಿಕೆಯಿತ್ತು: ಹೆಣ. ಚಿಕ್ಕವರಿದ್ದಾಗ ಅವರ ಅಜ್ಜಿ ತೀರಿದ ಮಧ್ಯಾಹ್ನ, ಹೆಣವನ್ನು ಗೋಡೆಗೆ ಆನಿಸಿ ಕೂಡಿಸಿ, ದೊಡ್ಡವರು ಹೂವು ಪತ್ರೆ ತರಲು ಹೋಗಿದ್ದರಂತೆ. ಪಕ್ಕದಲ್ಲಿ ಕಾವಲು ಕೂತ ಮೊಮ್ಮಗಳ ಹೆಗಲ ಮೇಲೆ ಅಜ್ಜಿಯ ಹೆಣ ಮೆಲ್ಲಗೆ ವಾಲಿತು. ಅಲುಗಿದರೆ ಅಜ್ಜಿ ಬೀಳುತ್ತಾಳೆಂದು ಹುಡುಗಿ ಅಲುಗಾಡದೆ, ಆ ತಣ್ಣನೆಯ ಭಾರವನ್ನು ಹೊತ್ತು ಹಾಗೆಯೇ ಕೂತಿದ್ದಳು. ಅಂದಿನಿಂದ ಸತ್ತವರ ಮನೆಯಲ್ಲಿ ಅಮ್ಮಾರು ಹೊಸ್ತಿಲ ಹೊರಗೇ ನಿಂತು ಮಂತ್ರ ಹೇಳುತ್ತಿದ್ದರು. ಪಾದ ಇಡುವ ಕೆಲಸಕ್ಕೆ ಪಕ್ಕದ ಊರಿನ ಅಯ್ಯನವರು ಬರುತ್ತಿದ್ದರು. ಹೆಣ್ಣು ಪಾದ ಇಡಬಹುದೇ ಎಂಬ ಪ್ರಶ್ನೆಯನ್ನು ಕಮಿಟಿಯವರು ಎತ್ತಲೇಬೇಕಾಗಿರಲಿಲ್ಲ. ಅಮ್ಮಾರ ಅಂಜಿಕೆಯೇ ಅವರ ಪರವಾಗಿ ಉತ್ತರ ಕೊಟ್ಟಿತ್ತು. ಅಧಿಕಾರಸ್ಥರಿಗೆ ಇದಕ್ಕಿಂತ ಅನುಕೂಲವಾದದ್ದು ಯಾವುದೂ ಇಲ್ಲ.

ಕರೋನಾದ ಎರಡನೆಯ ಬೇಸಿಗೆ ಬಂದಿತು. ಸೊಲ್ಲಾಪುರದ ದವಾಖಾನೆಗಳಿಂದ ಹಿಂತಿರುಗಿದವರಿಗಿಂತ ಹಿಂತಿರುಗದವರ ಮಾತೇ ಹೆಚ್ಚಾಗಿತ್ತು. ಕೆಲವರು ಮನೆಯಲ್ಲೇ ಹೋದರು. ಪಂಚ ಕಮಿಟಿಯ ಅಧ್ಯಕ್ಷರ ತಂದೆ ಹೀಗೆ ಮನೆಯಲ್ಲೇ ಹೋದವರು. ಪಕ್ಕದ ಊರಿನ ಅಯ್ಯನವರು ಫೋನು ಎತ್ತಲಿಲ್ಲ. ಅದರಾಚೆಯ ಊರಿನವರು ಜ್ವರವೆಂದರು. ಆ ಗಂಡಸರನ್ನು ನಾನು ದೂರುವುದಿಲ್ಲ. ಸಾವಿನ ಅಂಜಿಕೆ ಎಲ್ಲರದು. ಆದರೆ ಅವರ ಅಂಜಿಕೆ ಅವರ ಅಧಿಕಾರವನ್ನು ಕಿತ್ತುಕೊಳ್ಳಲಿಲ್ಲ ಎಂಬುದನ್ನು ಮಾತ್ರ ಇಲ್ಲಿ ಬರೆದಿಡುತ್ತೇನೆ.

ಕೊನೆಗೆ ಅಧ್ಯಕ್ಷರು ಅಮ್ಮಾರಿಗೆ ಫೋನು ಮಾಡಿದರು. 'ಅಮ್ಮಾರ, ಯಾರೂ ಬರವಲ್ರು. ನೀವರೆ ಬರ್ರಿ. ಅಪ್ಪಾಗ ಹಂಗ ಮಣ್ಣ ಕೊಡೂದು ಬ್ಯಾಡ.'

ಅಂದು ಹೊಲದಲ್ಲಿ ನಡೆದದ್ದನ್ನು ನನಗೆ ಹೇಳಿದವರು ಅಧ್ಯಕ್ಷರ ತಾಯಿ, ಊರಿಗೆಲ್ಲ ಆಯಿ ಎನಿಸಿಕೊಂಡ ಮುದುಕಿ. ಕುಣಿಯ ಅಂಚಿಗೆ ಬಂದು ಅಮ್ಮಾರು ನಿಂತರಂತೆ. ಮುಖಕ್ಕೆ ಬಟ್ಟೆ ಕಟ್ಟಿದ್ದರೂ ಹಲ್ಲು ಕಟಕಟ ಎನ್ನುವುದು ಕೇಳುತ್ತಿತ್ತಂತೆ. ತಮಗೇ ಹೇಳಿಕೊಳ್ಳುವಂತೆ ತುಟಿ ಅಲ್ಲಾಡಿತು. ಆಮೇಲೆ ಕೆಳಗೆ ಕೂಡಿಸಿದ್ದ ಹೆಣಕ್ಕೆ ಹೇಳಿದರು: 'ಕಾಕಾರ, ನನಗ ನಿಮ್ಮ ಅಂಜಿಕಿ ಅದ. ಜೀವ ಇದ್ದಾಗ ನಿಮಗೂ ನನ್ನ ಅಂಜಿಕಿ ಇತ್ತು. ಇಬ್ಬರೂ ಕೂಡಿ ಇದನ್ನ ಮುಗಸೂಣು.'

ಕುಣಿಗೆ ಇಳಿದು ಆ ಒಡೆದ ಪಾದವನ್ನು ಆ ಹಿರಿಯರ ತಲೆಯ ಮೇಲೆ ಇಟ್ಟರು.

ಅದಾದ ಮೇಲೆ ಕರೆಗಳು ನಿಲ್ಲಲಿಲ್ಲ. ಹೊಲದ ಬದುವಿನಲ್ಲಿ, ಬಾವಿಯ ಬದಿಯಲ್ಲಿ, ತೊಗರಿಯ ಕಟ್ಟಿಗೆ ಒಟ್ಟಿದ ಜಾಗದ ಪಕ್ಕ, ಎಲ್ಲಿ ಕುಣಿ ತೋಡಿದರೆ ಅಲ್ಲಿಗೆ ಅಮ್ಮಾರು ಹೋದರು. ಹಲವು ಕಡೆ ಮಣ್ಣು ಹಾಕುವವರು ಇಬ್ಬರು, ಅಮ್ಮಾರು ಒಬ್ಬರು. ಗುರುತಿಗೆ ಕಲ್ಲು ನೆಡಲೂ ಯಾರೂ ನಿಲ್ಲಲಿಲ್ಲ. ಯಾರು ಎಲ್ಲಿದ್ದಾರೆಂದು ನೆನಪಿಟ್ಟವರು ಅವರೊಬ್ಬರೇ. ಅಂಜಿಕೆ ಹೋಯಿತೇ ಎಂದು ಆಮೇಲೊಮ್ಮೆ ಕೇಳಿದೆ. 'ಇಲ್ಲ. ಅದೂ ನನ್ನ ಸಂಗಾಟ ಬರ್ತಿತ್ತು. ನಾ ಪಾದ ಇಡೂತನಕ ದಂಡಿಗಿ ಕುಂದ್ರತಿತ್ತು,' ಎಂದರು.

ಮುಂದಿನ ವರ್ಷ ಹಳೆಯ ಗುರುಗಳು ಲಿಂಗೈಕ್ಯರಾದರು. ಗದ್ದುಗೆಗೆ ಯಾರು ಎಂದು ಕಮಿಟಿಯ ಬೈಠಕ್ ಕೂಡಿತು. ಅಮ್ಮಾರನ್ನು ಬೈಠಕ್ಕಿಗೆ ಕರೆದರು, ಜಮಖಾನೆ ಹಾಸಿ ಚಹಾ ಕೊಡುವುದಕ್ಕೆ. ಪರ ಊರಿನ ಮಠವೊಂದರಿಂದ ತರುಣ ಸ್ವಾಮಿಗಳನ್ನು ತರುವುದೆಂದು ಮೊದಲೇ ಮಾತಾಗಿತ್ತು. ಒಬ್ಬರು ಮಾತ್ರ ಅಮ್ಮಾರ ಹೆಸರೆತ್ತಿದರು. ಅದಕ್ಕೆ ಅಧ್ಯಕ್ಷರು, ಹೆಣ್ಣುಮಗಳ ಕಾಲು ಗಂಡಸರ ತಲೆಯ ಮೇಲೆ ಬಂದರೆ ಊರಲ್ಲಿ ಮುಖ ಎತ್ತಿ ತಿರುಗುವುದು ಹೇಗೆ ಎಂದು ಕೇಳಿದರು.

ತಟ್ಟೆ ಹಿಡಿದು ನಿಂತಿದ್ದ ಅಮ್ಮಾರು ಕೇಳಿದರು, 'ನಿಮ್ಮಪ್ಪಾರ ತಲಿ?'

'ಅದು ಅಡಚಣಿ ಕಾಲ ಇತ್ರಿ ಅಮ್ಮಾರ.'

'ಹಂಗಾರ ಅಡಚಣಿ ಇದ್ದಾಗ ಪಾದ. ಅಡಚಣಿ ಹ್ವಾದ ಮ್ಯಾಲ ಕಾಲು.'

ಅಷ್ಟು ಹೇಳಿ ಚಹಾ ಕೊಟ್ಟು ಮುಗಿಸಿಯೇ ಒಳಗೆ ಹೋದರಂತೆ. ಇದನ್ನು ನನಗೆ ಹೇಳುವಾಗ ಅವರ ದನಿ ಸಪ್ಪಗಿತ್ತು. ನಾನು ಅರ್ಜಿ, ಮೋರ್ಚಾ, ಧರ್ಮಾದಾಯ ಆಯುಕ್ತರ ಕಚೇರಿ ಎಂದೆಲ್ಲ ಹೇಳುತ್ತಿದ್ದೆ. ಅವರು ಹಿಂಬಾಗಿಲಿನ ತಮ್ಮ ಆಟವನ್ನು ತಮ್ಮ ಮೇಲೆಯೇ ಆಡಿದರು. ಪಟ್ಟ ಕೊಟ್ಟರು ಅಂತ ತಿಳಕೋ, ಮರುದಿನ ಮುಂಜಾನೆ ನಾನು ಏನು ಮಾಡುತ್ತಿದ್ದೆ?

ಉತ್ತರ ಸಿದ್ಧವಾಗಿತ್ತು. ಎಷ್ಟು ವರ್ಷದಿಂದ ಸಿದ್ಧವಾಗಿತ್ತೋ. ಮೊದಲು ಗದ್ದುಗೆಯ ಮೆಟ್ಟಿಲು ತೆಗೆಸುತ್ತಿದ್ದೆ, ಮೊಣಕಾಲು ನೋಯುತ್ತವೆ, ಎಂದರು. ಹಿಂಬಾಗಿಲನ್ನು ಮುಚ್ಚಿ, ಹೆಂಗಸರನ್ನು ಮುಂಬಾಗಿಲಿನಿಂದ ಬರಲು ಹೇಳುತ್ತಿದ್ದೆ. ಗಂಡು ಹೆಣ್ಣು ಎರಡೂ ಮಕ್ಕಳನ್ನು ಪಾಠಕ್ಕೆ ಕೂರಿಸುತ್ತಿದ್ದೆ. ಅಯ್ಯನವರ ಮನೆಯ ಮಕ್ಕಳೇ ಆಗಬೇಕೆಂದು ಕೇಳುತ್ತಿರಲಿಲ್ಲ, ನೀ ಹೇಳಿ ಹೇಳಿ ನನ್ನ ತಲೆ ತಿಂದದ್ದಕ್ಕೆ ಇದೊಂದು ನಿನ್ನ ಪಾಲು. ಆಮೇಲೆ ಅಡುಗೆಮನೆಗೆ ಒಂದು ಕಿಟಕಿ. ಗುರುಗಳಿಗೆ ಎಷ್ಟು ಸಲ ಹೇಳಿದರೂ ಆ ಕಿಟಕಿ ಆಗಲಿಲ್ಲ.

ತ್ಯಾಗಮಯಿ, ನಿಸ್ವಾರ್ಥಿ ಎಂದು ಈಗ ಕೆಲವರು ಅವರನ್ನು ಹೊಗಳುತ್ತಿದ್ದಾರೆ. ಅದು ಸುಳ್ಳು, ಮತ್ತು ಅನುಕೂಲದ ಸುಳ್ಳು. ಅಮ್ಮಾರಿಗೆ ಗದ್ದುಗೆ ಬೇಕಾಗಿತ್ತು. ಅದು ಅವರ ಹಕ್ಕಾಗಿತ್ತು, ಅವರು ಅದನ್ನು ಕಿಟಕಿಯ ಅಳತೆಯವರೆಗೆ ಕಲ್ಪಿಸಿಕೊಂಡಿದ್ದರು. ಬೇಡವೆಂದವರಿಂದ ಕಸಿದುಕೊಳ್ಳಲಾಗುವುದಿಲ್ಲ, ಬೇಕೆಂದವರಿಂದ ಕಸಿದುಕೊಂಡದ್ದಕ್ಕೆ ಅನ್ಯಾಯ ಎಂಬ ಹೆಸರಿದೆ.

ಇಷ್ಟಕ್ಕೇ ಕಮಿಟಿ ನಿಲ್ಲಲಿಲ್ಲ. ಹೊಸ ಸ್ವಾಮಿಗಳ ಪಟ್ಟವಾದ ಮೇಲೆ, ಕರೋನಾದಲ್ಲಿ ಸತ್ತವರ ಸಂಸ್ಕಾರ ಅಪೂರ್ಣವಾಗಿದೆ, ಹೆಣ್ಣಿನ ಪಾದ ಪಾದವಲ್ಲ, ಆದ್ದರಿಂದ ಸ್ವಾಮಿಗಳು ಪ್ರತಿ ದಿಬ್ಬದ ಮೇಲೂ ಮತ್ತೆ ಪಾದ ಇಡಬೇಕು ಎಂದು ನಿರ್ಣಯ ಮಾಡಿದರು. ನಿರ್ಣಯವಾಯಿತು, ದಿನ ಗೊತ್ತಾಯಿತು, ಹಲಗೆ ಬಾರಿಸುವವರಿಗೆ ವೀಳ್ಯ ಕೊಟ್ಟರು. ಆಮೇಲೆ ಅವರಿಗೆ ನೆನಪಾದದ್ದು, ಯಾರ ದಿಬ್ಬ ಎಲ್ಲಿದೆ ಎಂದು ತಮಗೆ ಗೊತ್ತಿಲ್ಲ ಎಂಬುದು. ಮಳೆಗೆ ಮಣ್ಣು ಕುಸಿದಿತ್ತು, ಕೆಲವು ಕಡೆ ಜೋಳ ಬೆಳೆದು ಕೊಯ್ಲಾಗಿತ್ತು. ತಮ್ಮ ಸತ್ತವರನ್ನು ಹುಡುಕಲು ಅವರು ಅಮ್ಮಾರ ಹತ್ತಿರವೇ ಬಂದರು. ಅಮ್ಮಾರು ಮಾಡಿದ್ದನ್ನು ಅಳಿಸುವುದಕ್ಕೆ ಅಮ್ಮಾರೇ ಬಂದು ಜಾಗ ತೋರಿಸಬೇಕು.

ಹೋಗಬೇಡಿ ಎಂದು ನಾನು ಹೇಳಿದೆ. 'ನಾ ತೋರಸಲಿಲ್ಲಂದ್ರ ಅವರು ಯಾರ ತಲಿ ಬೇಕಾದ್ರೂ ತುಳೀತಾರ. ನೀ ಬೇಕಾದ್ರ ಬಾ,' ಎಂದರು. ಹೋದೆ. ಆದ್ದರಿಂದ ಮುಂದಿನದನ್ನು ನನ್ನ ಕಣ್ಣಾರೆ ಕಂಡು ಬರೆಯುತ್ತಿದ್ದೇನೆ.

ಮೆರವಣಿಗೆಯಲ್ಲಿ ಮುಂದೆ ಹಲಗೆ, ನಂತರ ಛತ್ರಿಯ ನೆರಳಿನಲ್ಲಿ ತರುಣ ಸ್ವಾಮಿಗಳು, ಅವರ ಹಿಂದೆ ಕಮಿಟಿ, ಕಮಿಟಿಯ ಹಿಂದೆ ಊರ ಗಂಡಸರು, ಎಲ್ಲರಿಗಿಂತ ಹಿಂದೆ ಹೆಂಗಸರು, ಹೆಂಗಸರ ನಡುವೆ ಅಮ್ಮಾರು. ದಾರಿ ಗೊತ್ತಿದ್ದವರು ಅವರೊಬ್ಬರೇ. ಆದರೆ ಹೆಣ್ಣುಮಗಳು ಸ್ವಾಮಿಗಳ ಮುಂದೆ ನಡೆಯುವಂತಿಲ್ಲ. ಹೀಗಾಗಿ ಬದು ಕವಲೊಡೆದಲ್ಲೆಲ್ಲ ಮೆರವಣಿಗೆ ನಿಲ್ಲುತ್ತಿತ್ತು. 'ಅಮ್ಮಾರಿಗಿ ಕೇಳ್ರಿ, ಈಗ ಎತ್ತ' ಎಂಬ ಪ್ರಶ್ನೆ ಬಾಯಿಂದ ಬಾಯಿಗೆ ಹಿಂದೆ ಬರುತ್ತಿತ್ತು. ಅಮ್ಮಾರ ಉತ್ತರ ಬಾಯಿಂದ ಬಾಯಿಗೆ ಮುಂದೆ ಹೋಗುತ್ತಿತ್ತು. ಅದು ಮುಟ್ಟುವಷ್ಟರಲ್ಲಿ ಹಲಗೆಯವರು ತಮಗೆ ತೋಚಿದ ಕಡೆ ತಿರುಗಿರುತ್ತಿದ್ದರು. ಜಾಲಿಯ ಮುಳ್ಳಿಗೆ ಸ್ವಾಮಿಗಳ ಕಾವಿ ಸಿಕ್ಕಿ ಹರಿಯಿತು. ಒಂದು ಬದುವಿನ ಮೇಲೆ ದಿಬ್ಬ ಕಂಡದ್ದೇ ತಡ, ಅಧ್ಯಕ್ಷರು ಇದೇ ಎಂದರು. ಸ್ವಾಮಿಗಳು ವಿಧಿಪೂರ್ವಕವಾಗಿ ಪಾದ ಇಟ್ಟು ಮಂತ್ರ ಹೇಳಿದರು. 'ಅದು ಎತ್ತಿಂದು' ಎಂದು ಅಮ್ಮಾರು ಹಿಂದಿನಿಂದ ಮೆತ್ತಗೆ ಹೇಳಿದ ಮಾತು ಮುಂದೆ ಹೋಗಿ ಮುಟ್ಟಿದಾಗ ಮಂತ್ರ ಮುಗಿದಿತ್ತು. ನನ್ನ ಚಿಕ್ಕಪ್ಪನ ಮುದಿ ಎತ್ತಿಗೆ ಹೀಗೆ ಮೋಕ್ಷವಾಯಿತು. ಹೆಂಗಸರು ಸೆರಗು ಬಾಯಿಗಿಟ್ಟುಕೊಂಡು ನಕ್ಕರು. ಅಮ್ಮಾರು ನಗಲಿಲ್ಲ. ಕುರುಡ ಗುರುಗಳನ್ನು ಬೆತ್ತ ಹಿಡಿದು ಮುಂದೆ ನಡೆದು ಕರೆದೊಯ್ದವರು, ಕಣ್ಣಿದ್ದವರಿಗೆ ಹಿಂದೆ ನಿಂತು ದಾರಿ ಹೇಳುತ್ತಿದ್ದರು.

ಕೊನೆಯ ದಿಬ್ಬ ಅಧ್ಯಕ್ಷರ ತಂದೆಯದು. ಅದರ ಮೇಲೆ ಆಯಿ ಕಾಲು ಚಾಚಿ ಕೂತಿದ್ದರು. ಬಾಯಲ್ಲಿ ತಂಬಾಕಿತ್ತು.

'ಏಳ ಅವ್ವಾ, ಸ್ವಾಮಿ ಅಪ್ಪಾರು ಕಾಯಾಕತ್ತಾರ,' ಅಧ್ಯಕ್ಷರು ಹತ್ತಿರ ಬಂದು ಹೇಳಿದರು.

'ಕಾಯ್ಲಿ. ಅವತ್ತ ನಾ ಕಾದಿದ್ದೆ. ಯಾವ ಅಪ್ಪಾನೂ ಬರಲಿಲ್ಲ.'

'ಮಂದಿ ನೋಡಾಕತ್ತಾರ.'

'ನೋಡಲಿ. ನಿಮ್ಮಪ್ಪಗ ಒಂದ ಪಾದ ಮುಟ್ಟೇದ. ಅದು ಸಾಲಲಿಲ್ಲಂದ್ರ ಅವರ ಎದ್ದ ಬಂದು ಹೇಳ್ಲಿ.'

ಸ್ವಾಮಿಗಳು ಆ ಮುದುಕಿಯ ಮುಖ ನೋಡಿದರು, ಅಧ್ಯಕ್ಷರ ಮುಖ ನೋಡಿದರು. ದಿಬ್ಬದ ಪಕ್ಕದ ಬರಿನೆಲಕ್ಕೆ ಪಾದ ಮುಟ್ಟಿಸಿ, ಆಯಿತು ಎಂದರು. ಆ ತರುಣನ ಬಗ್ಗೆ ನನಗೆ ದ್ವೇಷವಿಲ್ಲ. ಅವನಿಗೆ ಕಲಿಸಿದವರ ಬಗ್ಗೆ ಇದೆ. ಮೆರವಣಿಗೆ ಹೋದ ಮೇಲೆ ಅಮ್ಮಾರು ಬಂದು ಆಯಿಯ ತೋಳು ಹಿಡಿದು ಎಬ್ಬಿಸಿದರು. ನೆಲ ತಂಪಿದೆ, ಮೊಣಕಾಲು ಹಿಡಿಯುತ್ತವೆ ಎಂದು ಗದರಿಸಿದರು.

ಬ್ರಹ್ಮಚಾರಿ ಸ್ವಾಮಿಗಳಿರುವ ಮಠದಲ್ಲಿ ಹೆಣ್ಣುಮಗಳು ಇರುವುದು ಶೋಭೆಯಲ್ಲ ಎಂದು ಮುಂದೆ ಅವರ ಕೋಣೆ ಬಿಡಿಸಿದರು. ಮುಪ್ಪಿನಲ್ಲಿ ಅವರು ಸೊಲ್ಲಾಪುರದ ಆ ಖೋಲಿಗೆ ಬಂದರು. ನಾವೇ ಹುಡುಕಿಕೊಟ್ಟ ಖೋಲಿ, ಅದಕ್ಕೂ ಕಿಟಕಿಯಿರಲಿಲ್ಲ. ಪಾಳಿ ಮುಗಿಸಿದ ಹೆಂಗಸರು ಅಲ್ಲಿ ಬಂದು ಕೂರುತ್ತಿದ್ದರು. ಮಗ್ಗದ ಸದ್ದನ್ನು ಮೀರಿ ಅಮ್ಮಾರ ದನಿ ಕೇಳುತ್ತಿತ್ತು, ಅಷ್ಟರಮಟ್ಟಿಗೆ ಅವರ ಜಂಬ ನ್ಯಾಯವಾದದ್ದು. ಸುವರ್ಣಾ ಎಂಬ, ಟವೆಲ್ ಮಡಚುವ ಕೆಲಸದ ಹುಡುಗಿ ಅವರ ಶಿಷ್ಯೆಯಾದಳು. ಅವಳು ನಮ್ಮ ಊರಿನವಳೇ, ಆದರೆ ಅಯ್ಯನವರ ಮನೆಯವಳಲ್ಲ. ಮರಾಠಿ ಶಾಲೆಯಲ್ಲಿ ಕಲಿತವಳು. ಅಮ್ಮಾರು ಹೇಳಿದ ಕನ್ನಡವನ್ನೆಲ್ಲ ಮರಾಠಿ ಅಕ್ಷರದಲ್ಲಿ ಬರೆದು ಬಾಯಿಪಾಠ ಮಾಡುತ್ತಿದ್ದಳು. ಅಮ್ಮಾರು ಅವಳ ತಲೆಯ ಮೇಲೆ ಕೈಯಿಟ್ಟು ದೀಕ್ಷೆ ಕೊಟ್ಟರು. ಬಳಿಕ ಒಂದು ರಜೆಯ ದಿನ ಅವಳನ್ನು ಊರಿಗೆ ಕರೆದೊಯ್ದು ಹೊಲಹೊಲ ತಿರುಗಿಸಿ ಒಂದೊಂದು ದಿಬ್ಬವನ್ನೂ ತೋರಿಸಿದರು. ಈ ವಯಸ್ಸಿನಲ್ಲಿ ಬಿಸಿಲಲ್ಲಿ ಏಕೆ ಎಂದು ನಾನು ಸಿಟ್ಟಾದಾಗ, ಇದು ನನ್ನ ಮರುದಿನ ಮುಂಜಾನೆ ಎಂದರು.

ಅವರು ತೀರಿದಾಗ ಟೆಂಪೋದಲ್ಲಿ ಊರಿಗೆ ತಂದೆವು. ಮಠದ ಆವರಣದಲ್ಲಿ ಪಟ್ಟವಾದವರಿಗೆ ಮಾತ್ರ ಜಾಗವೆಂದು ಕಮಿಟಿ ಹೇಳಿತು. ಸ್ವಾಮಿಗಳು ಪ್ರವಾಸದಲ್ಲಿದ್ದಾರೆಂದೂ ಹೇಳಿತು. ಸ್ವಾಮಿಗಳ ಕಾರು ಮಠದ ಅಂಗಳದ ಬೇವಿನ ಕೆಳಗೆ ನಿಂತಿತ್ತು. ಊರೆಲ್ಲರ ತಲೆಗೆ ಪಾದ ಇಟ್ಟವರ ತಲೆಗೆ ಪಾದ ಇಡಲು ಆ ಊರಿನಲ್ಲಿ ಒಬ್ಬ ಗಂಡಸಿರಲಿಲ್ಲ. ಆಯಿ ತಮ್ಮ ಹೊಲದಲ್ಲಿ, ಗಂಡನ ದಿಬ್ಬದ ಹತ್ತಿರವೇ ಕುಣಿ ತೋಡಿಸಿದರು.

ಸುವರ್ಣಾ ಅಂಚಿಗೆ ಬಂದು ನಿಂತಳು. ಇಳಿಯಲು ಒಂದು ಕಾಲು ಮುಂದಿಟ್ಟು ಹಿಂದೆ ತೆಗೆದಳು. ಆಯಿ ಕೋಲೂರಿ ಅವಳ ಪಕ್ಕಕ್ಕೆ ಬಂದರು.

'ಇಟ್ಟಿ ಅಂತ ತಿಳಕೊ ಮಗಳ. ಮರುದಿನ ಮುಂಜಾನಿ ಏನ ಮಾಡ್ತಿ?'

'ಪಾಳಿ ಅದರಿ ಆಯಿ. ಕಾರಖಾನಿಗಿ ಹೋಗ್ಬೇಕು.'

'ಅದಕ್ಕೂ ಮೊದಲ?'

'ಚಹಾ.'

'ಹಂಗಾರ ಇಡು.'

ಅವಳು ಇಳಿದು ಪಾದ ಇಟ್ಟಳು.

ಆ ವಾರವೇ ಕಮಿಟಿಯವರು ಅವಳನ್ನು ಯಾವ ಕಾರ್ಯಕ್ಕೂ ಕರೆಯಬಾರದು, ಅವಳ ತಂದೆತಾಯಿಯ ಮನೆಗೆ ಯಾವ ಅಯ್ಯನವರೂ ಹೋಗಬಾರದು ಎಂದು ಊರಿಗೆ ಹೇಳಿಸಿದ್ದಾರೆ. ಇದಕ್ಕೆ ಬಹಿಷ್ಕಾರ ಎನ್ನುತ್ತಾರೆ. ಈ ರಾಜ್ಯದಲ್ಲಿ ಅದು ಅಪರಾಧ. ಅದರ ಕೆಲಸವನ್ನು ನಾವು ಕಚೇರಿಗಳಲ್ಲಿ ಮಾಡುತ್ತಿದ್ದೇವೆ. ಇಲ್ಲಿ ನಾನು ಕೇಳುವುದು ಕಚೇರಿಯಿಂದ ಆಗದ ಒಂದು ಕೆಲಸ.

ಪಂಚ ಕಮಿಟಿಯ ಅಧ್ಯಕ್ಷರೇ, ಸದಸ್ಯರೇ, ಗದ್ದುಗೆಯ ಸ್ವಾಮಿಗಳೇ: ಬರುವ ಶ್ರಾವಣದ ಪ್ರವಚನ ಶುರುವಾಗುವ ಮೊದಲು ನೀವು ಮತ್ತೆ ಆ ಹೊಲಗಳಿಗೆ ಹೋಗಬೇಕು. ಅದೇ ಹಲಗೆ, ಅದೇ ಛತ್ರಿ ಇರಲಿ. ಪ್ರತಿ ದಿಬ್ಬದ ಮುಂದೆ ನಿಂತು, ಈ ತಲೆಗೆ ಅಮ್ಮಾರು ಇಟ್ಟ ಪಾದವೇ ಪಾದ, ನಾವು ಎರಡನೆಯ ಸಲ ಮಾಡಿದ್ದು ತಪ್ಪು ಎಂದು, ಅವರ ಹೆಸರು ಹಿಡಿದು, ಊರು ಕೇಳುವಂತೆ ಹೇಳಬೇಕು. ಕೊನೆಯ ದಿಬ್ಬದ ಪಕ್ಕದಲ್ಲೇ ಅವರೂ ಇದ್ದಾರೆ, ಅಲ್ಲಿಯೂ ಹೇಳಬೇಕು. ಯಾರು ಎಲ್ಲಿದ್ದಾರೆಂದು ನಿಮಗೆ ಈಗಲೂ ಗೊತ್ತಿಲ್ಲ. ಸುವರ್ಣಾಳಿಗೆ ಗೊತ್ತು. ಅವಳನ್ನು ಕರೆಯಿರಿ, ಅವಳು ಬರುತ್ತಾಳೆ. ಈ ಸಲ ಅವಳು ಮುಂದೆ ನಡೆಯಲಿ. ನೀವು ಹಿಂದೆ ಬನ್ನಿ.